ಶಿಡ್ಲಘಟ್ಟದವಳು ತವರಿಗೆ ಹೋದದ್ದು

ನಮ್ಮ ಮನೆಯ ಕಾರುಗಳಿಗೆ ತವರುಮನೆ ಇದೆ. ಹಾಗೆಂದರೆ ಕೇಳಿದವರು ನಗುತ್ತಾರೆ. ನಗಲಿ. ಚಿಕ್ಕಬಳ್ಳಾಪುರದ ನಮ್ಮ ಮನೆಯ ಹಿತ್ತಲಲ್ಲಿ ಶೀಟು ಹೊದಿಸಿದ ಉದ್ದನೆಯ ಶೆಡ್ಡು ಇದೆ, ಅದರೊಳಗೆ ಮೂರು ಹಳೆಯ ಕಾರುಗಳಿವೆ. ಮೊದಲನೆಯದನ್ನು ತಂದವರು ನನ್ನ ತಾತ, ಉಳಿದೆರಡನ್ನು ತಂದವರು ಅಪ್ಪ. ಮದುವೆಯಾಗಿ ಬಂದ ಸೊಸೆಯನ್ನು ಅವಳ ಊರಿನ ಹೆಸರಿನಿಂದಲೇ ಕರೆಯುವುದು ನಮ್ಮ ಮನೆಯ ರೂಢಿ. ತಾತ ಅದನ್ನೇ ಕಾರಿಗೂ ಹಚ್ಚಿಬಿಟ್ಟರು. ಚಿಂತಾಮಣಿಯ ಡಾಕ್ಟರೊಬ್ಬರಿಂದ ಕೊಂಡ ಕಪ್ಪು ಪುಟಾಣಿ ಕಾರು ಚಿಂತಾಮಣಿಯವಳಾದಳು. ಎಣ್ಣೆ ಮಿಲ್ಲಿನ ಯಜಮಾನರ ಮನೆಯಿಂದ ಬಂದ, ಎರಡೇ ಬಾಗಿಲಿನ ತೆಳುನೀಲಿ ಕಾರು ಗೌರಿಬಿದನೂರಿನವಳು. ರೇಷ್ಮೆ ನೂಲು ತೆಗೆಯುವವರ ಮನೆಯಿಂದ ಬಂದ ಅಂಬಾಸಿಡರ್ ಶಿಡ್ಲಘಟ್ಟದವಳು.

ಹೆಸರಿಟ್ಟರೆ ಮುಗಿಯಲಿಲ್ಲ, ಅದರ ಹಿಂದೆ ತಾತನ ಕಟ್ಟಳೆ ಬಂತು. ಕಾರು ಕೊಳ್ಳುವಾಗ ಅದನ್ನು ಕೊಡುವ ಮನೆಯವರಿಗೆ ಮಾತು ಕೊಡಬೇಕು. ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ, ಕಾರನ್ನು ಅವರ ಬಾಗಿಲಿಗೆ ಕರೆದುಕೊಂಡು ಹೋಗಬೇಕು. ಅದು ತನ್ನ ಕಾಲ ಮೇಲೆ ತಾನೇ ಹೋಗಬೇಕು. ಲಾರಿಗೆ ಹೇರುವುದಾಗಲಿ ಹಗ್ಗ ಕಟ್ಟಿ ಎಳೆಯುವುದಾಗಲಿ ಸಲ್ಲದು. ಆ ಮನೆಯಲ್ಲಿ ಮದುವೆ ನಡೆದರೆ ಕಾರು ಬಾಗಿಲಲ್ಲಿ ಹಾಜರಿರಬೇಕು. ಅವರೂ ಕಾರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಚಿಂತಾಮಣಿಯವರು ಡಿಕ್ಕಿ ತುಂಬ ಅವರೆಕಾಯಿ ತುಂಬುತ್ತಾರೆ. ಗೌರಿಬಿದನೂರಿನವರು ಕಡಲೆಕಾಯಿ ಎಣ್ಣೆಯ ಡಬ್ಬ ಇಡುತ್ತಾರೆ. ಬೆಂಗಳೂರಿನ ಕಡೆ ಹಳೆ ಕಾರು ಸಾಕುವ ದೊಡ್ಡವರಿದ್ದಾರೆ. ಮೆರವಣಿಗೆ, ಬಹುಮಾನದ ಕಪ್, ಫೋಟೊ ಎಲ್ಲ ಅವರಿಗೇ ಇರಲಿ. ನಮಗೆ ಅವರೆಕಾಯಿ ಸಾಕು.

ಈ ಹುಚ್ಚು ನನಗೆ ಯಾವಾಗ ಹತ್ತಿತು ಎಂದು ಕೆಲವರು ಕೇಳುತ್ತಾರೆ. ಹತ್ತಲಿಕ್ಕೆ ಅದೇನು ಬಸ್ಸೇ? ನಾನು ಹುಟ್ಟುವಾಗಲೇ ಅದು ಮನೆಯಲ್ಲಿತ್ತು. ತಾತ ಚಿಂತಾಮಣಿಯ ಕಡೆಯವರು, ಮನೆಯಲ್ಲಿ ಕನ್ನಡ ಮಾತಾಡಿದರೂ ಏರು ಬಂದರೆ ಕಾರಿನೊಂದಿಗೆ ತೆಲುಗಿನಲ್ಲೇ ಮಾತು. “ಪದ ತಲ್ಲಿ, ಪದ” ಎಂದು ಸ್ಟಿಯರಿಂಗನ್ನು ಸವರುತ್ತಿದ್ದರು. ನಡೆ ತಾಯಿ, ನಡೆ ಎಂದು. ಅಪ್ಪ ಕನ್ನಡ ಮೇಷ್ಟ್ರು, ಮಕ್ಕಳ ಬಾಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಬಿಡುತ್ತಿರಲಿಲ್ಲ, ಆದರೆ ಏರಿನಲ್ಲಿ ಅವರದೂ ತೆಲುಗೇ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು, ಪಿಸ್ಟನ್ನಿಗೆ ಯಾವ ಭಾಷೆಯೂ ಗೊತ್ತಿಲ್ಲವೆಂದು ಚೆನ್ನಾಗಿ ಬಲ್ಲೆ. ಆದರೂ ಪೆರೇಸಂದ್ರದ ಕಡೆಯ ಹೈವೇಯಲ್ಲಿ ಎಂಜಿನ್ ಏದುಸಿರು ಬಿಡುವಾಗ ನನ್ನ ಬಾಯಿಂದ ಬರುವುದೂ “ಪದ ತಲ್ಲಿ” ಎಂದೇ. ಪಕ್ಕದಲ್ಲಿ ಯಾರಾದರೂ ಬೈಕಿನವರು ಬಂದು “ಮೇಡಂ, ಎಷ್ಟು ಕೊಡುತ್ತೆ?” ಎಂದು ಮೈಲೇಜು ಕೇಳಿದರೆ ಮಾತ್ರ ನನಗೆ ಕನ್ನಡದಲ್ಲಿ ಸಿಟ್ಟು ಬರುತ್ತದೆ.

ಶಿಡ್ಲಘಟ್ಟದವಳು ನಮ್ಮ ಮನೆಗೆ ಬಂದದ್ದು ಸುಲಭವಾಗಿ ಅಲ್ಲ. ಆ ಮನೆಯ ಹಿರಿಯಮ್ಮನನ್ನು ಅವರ ಮೊಮ್ಮಗಳು ಕರೆಯುವಂತೆ ನಾನೂ ದಾದಿಮಾ ಎನ್ನುತ್ತೇನೆ. ಅವರ ಯಜಮಾನರು ಊರೂರು ತಿರುಗಿಯೂ ಗೂಡಿನ ಮಾರ್ಕೆಟ್ಟಿನಲ್ಲೂ ರೇಷ್ಮೆಗೂಡು ಕೊಂಡು, ಅದೇ ಅಂಬಾಸಿಡರಿನಲ್ಲಿ ಹೇರಿಕೊಂಡು ಬಂದು, ಮನೆಯ ಹಿಂದೆಯೇ ಕುದಿನೀರಿನಲ್ಲಿ ಹಾಕಿ ನೂಲು ತೆಗೆಸುತ್ತಿದ್ದರು. ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳುವಿನ ಮೂಟೆಗಳನ್ನು ಸಾಗಿಸುತ್ತಿದ್ದದ್ದೂ ಅದರಲ್ಲೇ. ಅವರು ತೀರಿಕೊಂಡ ಮೇಲೆ ಮಗ ವ್ಯಾನು ತಂದರು, ಅಂಬಾಸಿಡರ್ ಟಾರ್ಪಾಲು ಹೊದ್ದು ಅಂಗಳದ ಮೂಲೆ ಸೇರಿತು. ಅಪ್ಪ ಅದನ್ನು ನೋಡಿದವರೇ ಮಂಕಾಗಿಬಿಟ್ಟರು. ದಾದಿಮಾ ಮಾರುವುದಿಲ್ಲವೆಂದರು. ಅಪ್ಪ ಮತ್ತೆ ಹೋದರು, ಚಹಾ ಕುಡಿದು ಬಂದರು, ಮತ್ತೆ ಹೋದರು. ಕೊನೆಗೆ ತಾತನ ಕಟ್ಟಳೆಯನ್ನು ವಿವರಿಸಿ ಹೇಳಿದಾಗ ಆಕೆ, “ಹಾಗಾದ್ರೆ ಇದು ಮಾರೋದಲ್ಲ ಮೇಷ್ಟ್ರೇ, ಕೊಟ್ಟು ಕಳಿಸೋದು” ಎಂದರಂತೆ. ಮೊಮ್ಮಗಳು ಆಗಿನ್ನೂ ಚಿಕ್ಕವಳು. ಅವಳ ಮದುವೆಯ ದಿನ ಅವಳು ತಾತನ ಗಾಡಿಯಲ್ಲೇ ಹೋಗಬೇಕು ಎಂದು ಅಪ್ಪನಿಂದ ಮಾತು ತೆಗೆದುಕೊಂಡೇ ಬೀಗದ ಕೈ ಕೊಟ್ಟರು.

ಕಾರಿನೊಡನೆ ಅದರ ವಾಸನೆಯೂ ಬಂತು. ಬೆಂದ ರೇಷ್ಮೆಹುಳುವಿನ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸಲಾರೆ, ಗೊತ್ತಿದ್ದವರಿಗೆ ಹೇಳುವುದು ಬೇಕಿಲ್ಲ. ಸೀಟಿನ ನಾರಿನಲ್ಲಿ, ಚಾವಣಿಯ ಬಟ್ಟೆಯಲ್ಲಿ, ಬಾಗಿಲಿನ ಸಂದಿಯಲ್ಲಿ ಅದು ಕೂತುಬಿಟ್ಟಿತ್ತು. ಅಮ್ಮ ಮೊದಲ ದಿನವೇ ಸೆರಗಿನಿಂದ ಮೂಗು ಮುಚ್ಚಿಕೊಂಡು, “ಇದನ್ನ ಶೆಡ್ಡಿನ ಆ ಕೊನೇಲಿ ನಿಲ್ಸಿ. ನನ್ನ ಅಡುಗೆಮನೆ ಕಿಟಕಿ ಕಡೆ ಇದರ ಮುಖ ಕೂಡ ತಿರುಗಬಾರ್ದು” ಎಂದರು. ವರ್ಷ ವರ್ಷ ನಾವು ಗಾಜು ಇಳಿಸಿಕೊಂಡು, ಮೂಗು ಹೊರಗಿಟ್ಟುಕೊಂಡು ಶಿಡ್ಲಘಟ್ಟಕ್ಕೆ ಹೋಗಿ ಬರುತ್ತಿದ್ದೆವು. ದಾದಿಮಾ ಮುಂದಿನ ಸೀಟಿನಲ್ಲಿ ಕೂತು ಓಣಿ ತುಂಬ ಒಂದು ಸುತ್ತು ಹಾಕಿ ಇಳಿಯುತ್ತಿದ್ದರು.

ಹೋದ ವರ್ಷ ಮೊಮ್ಮಗಳ ಮದುವೆ ಗೊತ್ತಾಯಿತು. ಅಪ್ಪನಿಗೆ ತಮ್ಮ ಮಗಳದೇ ಮದುವೆ ಎನ್ನುವಷ್ಟು ಸಡಗರ. ನನ್ನ ಮದುವೆಯಲ್ಲಿ ಇಷ್ಟು ಓಡಾಡಿದ್ದು ನನಗೆ ನೆನಪಿಲ್ಲ. ಅವರು ಹಳೆಯ ಸೀಟುಗಳನ್ನು ಕಿತ್ತರು, ನಾರು ಮತ್ತು ಬಟ್ಟೆಯನ್ನು ಸೀಟು ಹೊಲಿಯುವವನಿಗೆ ಕೊಟ್ಟರು. ಅವನು ಅದನ್ನು ಅಂದೇ ಊರಾಚೆ ಸುಟ್ಟು ಕೈ ತೊಳೆದುಕೊಂಡ. ಹೊಸ ಸ್ಪಂಜು, ಹೊಸ ರೆಕ್ಸಿನ್, ಚಾವಣಿಗೆ ಹೊಸ ಬಟ್ಟೆ ಬಂತು. ಒಳಗಿನ ತಗಡನ್ನು ಸೋಡಾಪುಡಿ, ನಿಂಬೆಹಣ್ಣು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದೆವು. ಕೊನೆಗೆ ಒಂದು ದಿನ ಅಮ್ಮ ಶೆಡ್ಡಿಗೆ ಬಂದು, ಬಾಗಿಲು ತೆಗೆದು, ಮೂಗನ್ನು ಧೈರ್ಯವಾಗಿ ಒಳಗಿಟ್ಟು ನೋಡಿದರು. “ಅಯ್ಯೋ, ಹೋಗಿದೆ ಕಣ್ರೀ!” ಎಂದರು. ಆ ಖುಷಿಗೆ ಮನೆಯಲ್ಲಿ ಒಬ್ಬಟ್ಟು ಮಾಡಿದರು. ನಾನೂ ಎರಡು ಹೆಚ್ಚೇ ತಿಂದೆ.

ಮದುವೆಗೆ ಮುಂಚಿನ ಭಾನುವಾರ ಕಾರನ್ನು ತೋರಿಸಿ ಬರೋಣವೆಂದು ನಾನೂ ಅಪ್ಪನೂ ಹೊರಟೆವು. ದಾದಿಮಾಗೆ ಎರಡು ವರ್ಷಗಳಿಂದ ಕಣ್ಣು ಮಂಜಾಗಿತ್ತು. ಬೆಳಕು, ನೆರಳು, ಎದುರಿಗೆ ನಿಂತವರ ಆಕಾರ ತಿಳಿಯುತ್ತಿತ್ತು, ಅಷ್ಟೇ. ಮಗ ಅವರ ಕೈ ಹಿಡಿದು ಕರೆತಂದರು. ಆಕೆ ಬಾನೆಟ್ಟಿನ ಮೇಲೆ ಕೈಯಾಡಿಸಿದರು, ಬಾಗಿಲು ತೆಗೆಸಿ ಮುಂದಿನ ಸೀಟಿನಲ್ಲಿ ಕೂತರು. ಅಪ್ಪ ಹೊರಗೆ ನಿಂತು, ಪರೀಕ್ಷೆ ಬರೆದ ಹುಡುಗನ ಹಾಗೆ ಮುಖ ಮಾಡಿಕೊಂಡಿದ್ದರು. ದಾದಿಮಾ ಒಂದು ಸಲ ಉಸಿರು ಎಳೆದುಕೊಂಡರು, ಇನ್ನೊಂದು ಸಲ ಎಳೆದುಕೊಂಡರು, ಆಮೇಲೆ ಕಾಲು ಹೊರಗಿಟ್ಟರು.

“ಇದು ನಮ್ ಗಾಡಿ ಅಲ್ಲ.”

“ಅಮ್ಮೀ, ಅದೇ ಗಾಡಿ. ನಂಬರ್ ನಾನು ನೋಡ್ತಾ ಇದೀನಲ್ಲ” ಎಂದರು ಮಗ.

“ನಂಬರ್ ಪ್ಲೇಟ್ ಯಾವ ಅಂಗಡೀಲಾದ್ರೂ ಬರೆದುಕೊಡ್ತಾರೆ.”

ಅಪ್ಪ ಹತ್ತಿರ ಹೋದರು. “ಅಮ್ಮಾ, ನಿಮ್ದೇ ಗಾಡಿ. ಸೀಟು ಹೊಸದು ಹಾಕ್ಸಿದೀನಿ. ಮಗು ಕೂರೋದಲ್ವಾ ಅಂತ ವಾಸನೆ ಎಲ್ಲಾ ತೆಗೆಸ್ದೆ.”

“ನಮ್ ಗಾಡಿ ಬಾಗ್ಲು ತೆಗೆದ್ರೆ ನಮ್ ಯಜಮಾನ್ರು ಬಂದ್ರು ಅಂತ ಗೊತ್ತಾಗ್ತಿತ್ತು ಮೇಷ್ಟ್ರೇ. ಇದ್ರಲ್ಲಿ ಯಾರೂ ದುಡಿದಿಲ್ಲ. ನಮ್ ಗಾಡಿ ಕೆಟ್ಟುಹೋಗಿದ್ರೆ ಕೆಟ್ಟುಹೋಯ್ತು ಅನ್ನಿ, ಮಾರಿದ್ರೆ ಮಾರ್ದೆ ಅನ್ನಿ. ಕಣ್ಣು ಕಾಣಲ್ಲ ಅಂತ ಬೇರೇದು ತಂದು ನಿಲ್ಲಿಸಬೇಡಿ. ಮಗೂನ ಕಂಡೋರ ಗಾಡೀಲಿ ನಾನು ಕಳಿಸಲ್ಲ.”

ಅಷ್ಟು ಹೇಳಿ ಅವರು ಒಳಗೆ ಹೋದರು. ಕೋಪದಿಂದ ಹೇಳಲಿಲ್ಲ, ಅದೇ ಕಷ್ಟವಾದದ್ದು. ಮಗ ಅಪ್ಪನ ಕೈ ಹಿಡಿದು, “ಸರ್, ತಪ್ಪು ತಿಳ್ಕೋಬೇಡಿ, ವಯಸ್ಸಾಯ್ತು” ಎಂದು ಸಮಾಧಾನ ಹೇಳಿದರು. ಮೊಮ್ಮಗಳು ಬಾಗಿಲ ಹಿಂದೆ ಕಣ್ಣು ತುಂಬಿಕೊಂಡು ನಿಂತಿದ್ದಳು. ಅವಳು ಬೇರೆ ಕಾರಿನಲ್ಲಿ ಹೋಗಲು ಸಿದ್ಧಳಿದ್ದಳು, ಮದುವೆಗೇನೂ ಅಡ್ಡಿಯಿರಲಿಲ್ಲ. ಆದರೆ ಅಪ್ಪ ಒಂದು ಮನೆಗೆ ಕೊಟ್ಟ ಮಾತು ಅಲ್ಲಿಗೆ ಸುಳ್ಳಾಗುತ್ತಿತ್ತು, ಅದೂ ಅವರು ಅದನ್ನು ಚಾಚೂ ತಪ್ಪದೆ ಉಳಿಸಿಕೊಂಡಿದ್ದಾಗ.

ವಾಪಸು ಬರುವಾಗ ನಾನು ಗಾಡಿ ಓಡಿಸಿದೆ. ಏರು ಬಂತು, ಅಪ್ಪನ ಬಾಯಿಂದ ತೆಲುಗು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನಗೆ ಆ ಏರಿನ ಮೇಲೆ ಸಿಟ್ಟು ಬಂತು. ದಾದಿಮಾ ಮೇಲೂ ಬಂತು. ಮನೆಗೆ ಬಂದವಳೇ ಅಮ್ಮನ ಮುಂದೆ ಹರಿಹಾಯ್ದೆ. ಇಷ್ಟು ವರ್ಷ ನಂಬಿದವರನ್ನು ಒಂದು ವಾಸನೆಗೋಸ್ಕರ ಕಳ್ಳರನ್ನಾಗಿ ಮಾಡಿದರಲ್ಲ ಎಂದೆ. ಅಮ್ಮ ಹುಳಿಗೆ ಒಗ್ಗರಣೆ ಹಾಕುತ್ತಿದ್ದವರು ಸೌಟು ಕೆಳಗಿಟ್ಟರು. “ನೀನು ಸುಮ್ನಿರಮ್ಮ. ಗಂಡ ಗೇಯ್ದು ಬಂದ ವಾಸನೆ ಅದು, ನಾವು ನಿಂಬೆಹಣ್ಣು ಹಾಕಿ ತಿಕ್ಕಿದೀವಿ” ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, ನಾನು ಕನಸಿನಲ್ಲೂ ಕೇಳಬಹುದೆಂದು ಎಣಿಸದ ಮಾತನ್ನು ಆಡಿದರು. “ಏನ್ರೀ, ಆ ವಾಸನೆ ವಾಪಸ್ ತರಕ್ಕೆ ಆಗಲ್ವಾ?”

ಅಪ್ಪ ನನ್ನನ್ನು ನೋಡಿದರು. “ನೀನು ಕೆಮಿಸ್ಟ್ರಿ ಅಲ್ವೇನಮ್ಮ, ಏನಾದ್ರೂ ಬೆರೆಸಿ ಮಾಡು.”

“ನಾನು ಕಾಲೇಜಲ್ಲಿ ಕಲಿಸೋದು ಗಬ್ಬು ಹೋಗಿಸೋದನ್ನ, ಬರಿಸೋದನ್ನಲ್ಲ!”

ಆದರೂ ಮಾರನೆಯ ದಿನ ಕಾಲೇಜು ಮುಗಿಸಿ ನಾನೇ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಹೋದೆ. ದಾದಿಮಾ ಮನೆಗೆ ತಿಳಿಯದಂತೆ, ಬೇರೆ ಓಣಿಯ ನೂಲು ತೆಗೆಯುವವರಿಂದ ಒಂದು ಮೂಟೆ ಬೆಂದ ಹುಳು ತಂದೆ. ಬೆಂದ ಹುಳುವನ್ನು ಕೋಳಿ, ಮೀನುಗಳಿಗೆ ಮೇವಾಗಿ ಹಾಕುತ್ತಾರೆ; ಕೋಳಿ ಸಾಕಿದ್ದೀರಾ ಎಂದು ಅವರು ಕೇಳಿದರು. ಮೀನು ಎಂದೆ. ಬಸ್ಸಿನ ಕಂಡಕ್ಟರು ಮೂಟೆಯನ್ನೂ ನನ್ನನ್ನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಟೊಮ್ಯಾಟೊ ಸಾಗಿಸುವ ಟೆಂಪೊ ಒಂದರ ಹಿಂದೆ ಕೂತು, ಕಾಲೇಜಿಗೆ ಹೋಗುವ ರೇಷ್ಮೆ ಸೀರೆಯಲ್ಲೇ ಚಿಕ್ಕಬಳ್ಳಾಪುರಕ್ಕೆ ಬಂದು ಇಳಿದೆ. ದಾರಿಯಲ್ಲಿ ನನ್ನ ವಿದ್ಯಾರ್ಥಿಗಳಿಬ್ಬರು ನೋಡಿ ನಮಸ್ಕಾರ ಮಾಡಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಮೂಟೆ ಬಿಚ್ಚಿ ಹುಳುವನ್ನು ಗೋಣಿಚೀಲಗಳ ಮೇಲೆ ಹರಡಿ, ಆ ಗೋಣಿಗಳನ್ನು ಹೊಸ ಸೀಟಿನ ಮೇಲೂ ಕಾಲ ಬುಡದಲ್ಲೂ ಹಾಸಿ, ಗಾಜು ಏರಿಸಿ, ಕಾರನ್ನು ಬಿಸಿಲಿಗೆ ನಿಲ್ಲಿಸಿದೆವು. ಅಪ್ಪ ಹೊಸ ರೆಕ್ಸಿನ್ನನ್ನು ಒಮ್ಮೆ ಸವರಿ, ಕಣ್ಣು ಮುಚ್ಚಿಕೊಂಡೇ ಮೊದಲ ಗೋಣಿ ಹಾಸಿದರು. ಸಂಜೆಯ ಹೊತ್ತಿಗೆ ಬೀದಿಯ ಬೆಕ್ಕುಗಳೆಲ್ಲ ನಮ್ಮ ಕಾಂಪೌಂಡಿನ ಮೇಲೆ ಕೂತಿದ್ದವು. ಪಕ್ಕದ ಮನೆಯವರು ಗೇಟಿನಲ್ಲಿ ನಿಂತು, “ಸರ್, ನಿಮ್ಮನೇಲಿ ಇಲಿ ಏನಾದ್ರೂ ಸತ್ತಿದೆಯಾ?” ಎಂದು ಕೇಳಿದರು.

“ಇಲಿ ಅಲ್ಲಪ್ಪ, ಅಂಬಾಸಿಡರ್ರು” ಎಂದರು ಅಪ್ಪ.

ಅಮ್ಮ ದಿನಕ್ಕೆರಡು ಸಲ ಹೋಗಿ ಬಾಗಿಲು ತೆಗೆದು ಮೂಸಿ, “ಇನ್ನೂ ಸ್ವಲ್ಪ ಬರ್ಬೇಕು” ಎಂದು ಪಾಕದ ಹದ ನೋಡುವವರಂತೆ ಹೇಳಿ ಬರುತ್ತಿದ್ದರು. ನನಗೆ ಆ ದಿನಗಳಲ್ಲಿ ನಮ್ಮ ಮನೆಯವರ ಮೇಲೆ ಉಕ್ಕಿದ ಪ್ರೀತಿಯನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಾರುಗಳನ್ನು ನಾನು ಯಾಕೆ ಬಿಡಲಾರೆ ಎಂಬುದಕ್ಕೆ ಬೇರೆ ಉತ್ತರ ನನ್ನಲ್ಲಿಲ್ಲ. ಇಂಥ ತಲೆಕೆಟ್ಟ ಕೆಲಸವನ್ನು ಒಟ್ಟಿಗೆ ಮಾಡುವ ಮೂರು ಜನ ಬೇರೆಲ್ಲಿ ಸಿಗುತ್ತಾರೆ?

ಮದುವೆಯ ಹಿಂದಿನ ದಿನ ಬೆಳಗ್ಗೆ ಗೋಣಿಗಳನ್ನು ತೆಗೆದು ಹಾಕಿ ಹೊರಟೆವು. ವಾಸನೆ ಸೋರಿಹೋಗಬಾರದೆಂದು ಅಪ್ಪ ಗಾಜು ಇಳಿಸಲು ಬಿಡಲಿಲ್ಲ. ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಕಟ್ಟಿಕೊಂಡು, ಇಬ್ಬರೂ ಬ್ಯಾಂಕು ದೋಚಲು ಹೊರಟವರಂತೆ ಕೂತಿದ್ದೆವು. ಏರು ಬಂದಾಗ ಕರ್ಚೀಫಿನೊಳಗಿಂದ ಸಣ್ಣದಾಗಿ “ಪದ ತಲ್ಲಿ” ಕೇಳಿಸಿತು.

ದಾದಿಮಾ ಮನೆಯಂಗಳದಲ್ಲಿ ಶಾಮಿಯಾನ ಹಾಕುತ್ತಿದ್ದರು. ಮಗ ನಮ್ಮನ್ನು ನೋಡಿ ಮುಜುಗರಪಟ್ಟರು. ಅಪ್ಪ ನೇರವಾಗಿ ಆಕೆ ಕೂತಿದ್ದ ಕುರ್ಚಿಯ ಬಳಿ ಹೋಗಿ, “ಅಮ್ಮಾ, ಇನ್ನೊಂದೇ ಒಂದು ಸಲ ಕೂತು ನೋಡಿ. ಅಲ್ಲ ಅಂದ್ರೆ ನಾನು ಮತ್ತೆ ಈ ಬಾಗಿಲಿಗೆ ಬರಲ್ಲ” ಎಂದರು. ಆಕೆ ಎದ್ದರು. ನಾನು ಕೈ ಹಿಡಿದು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದೆ.

“ಬಾಗ್ಲು ಹಾಕು ಬೇಟಿ” ಎಂದರು. ಹಾಕಿದೆ.

ಅವರು ಒಳಗೇ ಕೂತರು. ಗಾಜಿನಾಚೆಯಿಂದ ಅವರ ದುಪಟ್ಟಾ ಹೊದ್ದ ತಲೆ ಮಾತ್ರ ಕಾಣುತ್ತಿತ್ತು. ಶಾಮಿಯಾನದವರು ಕಂಬ ಹಿಡಿದುಕೊಂಡು ನಿಂತುಬಿಟ್ಟರು. ಅಪ್ಪ ಕಾರಿನ ಕಡೆ ನೋಡದೆ ಎದುರು ಗೋಡೆಯನ್ನು ನೋಡುತ್ತಿದ್ದರು. ತುಂಬ ಹೊತ್ತಾದ ಮೇಲೆ ಬಾಗಿಲು ಒಳಗಿನಿಂದ ತೆರೆಯಿತು.

“ಇದು ಈ ವಾರದ ಹುಳ” ಎಂದರು ದಾದಿಮಾ.

ಅಪ್ಪನ ಭುಜ ಕುಸಿಯಿತು.

“ನಮ್ ಯಜಮಾನ್ರ ಕಾಲದ್ದು ಅಲ್ಲ. ಹೊಸದಾಗಿ ತಂದು ಹಾಕಿದೀರಿ. ಇಷ್ಟು ಹೊತ್ತು ಕೂತ್ರೂ ಗೊತ್ತಾಗಲ್ವಾ ನಂಗೆ, ಹುಟ್ಟಿದಾಗಿನಿಂದ ಈ ಹುಳದ ಮಧ್ಯೆ ಇರೋಳು?” ಆಮೇಲೆ ಅವರು ಕೈ ಚಾಚಿ ಗಾಳಿಯಲ್ಲಿ ಅಪ್ಪನಿಗಾಗಿ ತಡಕಾಡಿದರು. ಅಪ್ಪ ಹೋಗಿ ಆ ಕೈಗೆ ಸಿಕ್ಕರು. “ಬೇರೆಯವ್ರ ಗಾಡಿ ತಂದು ನಿಲ್ಸೋನು, ಅದ್ರೊಳಗೆ ಇಂಥಾ ಗಬ್ಬು ತುಂಬ್ತಾನಾ ಮೇಷ್ಟ್ರೇ? ನಮ್ದೇ ಇದು. ಮುದುಕಿ ಮಾತಿಗೆ ಹೊಸ ಸೀಟು ಹಾಳು ಮಾಡ್ಕೊಂಡ್ರಲ್ಲ.”

ಅಪ್ಪ ಅತ್ತರು. ನನ್ನೆದುರಿಗೆ ಅವರು ಅತ್ತದ್ದನ್ನು ನಾನು ತಾತ ಹೋದಾಗ ಬಿಟ್ಟರೆ ನೋಡಿದ್ದಿಲ್ಲ. ದಾದಿಮಾ ಅವರ ಕೈಯನ್ನು ತಟ್ಟುತ್ತಾ ಮಗನನ್ನು ಕರೆದರು. “ಪೈಪು ಹಾಕು. ತೊಳೀರಿ ಇದನ್ನ. ನಾಳೆ ಮಗು ಹೊಸ ಮದುವೆ ಬಟ್ಟೆ ಹಾಕ್ಕೊಂಡು ಕೂರ್ಬೇಕು, ಮದುಮಗಳನ್ನ ಈ ನಾತದಲ್ಲಿ ಕಳಿಸ್ತಾರಾ ಯಾರಾದ್ರೂ?”

ನನಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೆ ಬಂತು. ಅಪ್ಪ ಪಂಚೆ ಎತ್ತಿ ಕಟ್ಟಿ ಬಕೆಟ್ಟು ಹಿಡಿದಾಗಿತ್ತು. ಮದುಮಗಳೂ ಮೆಹಂದಿಯ ಕೈಯನ್ನು ಮೇಲೆತ್ತಿಕೊಂಡು ಓಡಿ ಬಂದು, ಸಾಬೂನು ಎಲ್ಲಿದೆ ಎಂದು ಹೇಳಿಕೊಡುತ್ತಿದ್ದಳು. ಹಿಂದಿನ ಸೀಟು ತಿಕ್ಕಿ ಮುಗಿದು ಮುಂದಿನದಕ್ಕೆ ನೀರು ಹಾಕಬೇಕು ಎನ್ನುವಾಗ ದಾದಿಮಾ, “ಹಿಂದಿಂದು ಸಾಕು. ಮುಂದಿಂದು ಹಾಗೇ ಇರ್ಲಿ. ಅಲ್ಲಿ ನಾನು ಕೂತ್ಕೋತೀನಿ” ಎಂದರು.

ಮಾರನೆಯ ದಿನ ಶಾದಿಮಹಲಿಗೆ ಅವರನ್ನು ಕರೆದುಕೊಂಡು ಹೋದವಳು ನಾನು. ಬೆಳಗ್ಗೆ ಅಪ್ಪ ಬೀಗದ ಕೈಯನ್ನು ನನ್ನ ಕೈಯಲ್ಲಿಟ್ಟು, ಮೊದಲ ಬಸ್ಸಿಗೆ ಬಂದಿದ್ದ ಅಮ್ಮನ ಜೊತೆ ದಾದಿಮಾ ಮಗನ ವ್ಯಾನು ಹತ್ತಿದ್ದರು. ತವರಿನ ಮದುವೆಗೆ ಗಾಡಿ ಓಡಿಸುವುದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಮದುಮಗಳು ಹಿಂದೆ ಎರಡೂ ಗಾಜು ಇಳಿಸಿಕೊಂಡು, ಮಲ್ಲಿಗೆ ಮುಡಿದು, ಗೆಳತಿಯರೊಡನೆ ನಗುತ್ತಿದ್ದಳು. ದಾದಿಮಾ ನನ್ನ ಪಕ್ಕದಲ್ಲಿ ತಮ್ಮ ಕಡೆಯ ಗಾಜು ಏರಿಸಿಕೊಂಡು, ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ನಾನು ನೀಲಗಿರಿ ಎಣ್ಣೆ ಮರೆತು ಬಂದಿದ್ದೆ, ಆದರೆ ಬೇಕೆನಿಸಲಿಲ್ಲ.

ಶಾದಿಮಹಲಿನ ಬಾಗಿಲಲ್ಲಿ ಎಲ್ಲರೂ ಮದುಮಗಳನ್ನು ಸುತ್ತುವರಿದು ಒಳಗೆ ಕರೆದೊಯ್ದರು. ನಾನು ಈ ಕಡೆ ಬಂದು ದಾದಿಮಾ ಬಾಗಿಲು ತೆಗೆದೆ. ಅವರು ಇಳಿಯಲಿಲ್ಲ.

“ಖಾಜಿ ಬಂದ್ರಾ?”

“ಇನ್ನೂ ಇಲ್ಲ ದಾದಿಮಾ.”

“ಹಾಗಾದ್ರೆ ಬಾಗ್ಲು ಹಾಕು ಬೇಟಿ” ಎಂದರು. “ಗೂಡಿನ ಮಾರ್ಕೆಟ್ ತನ್ಕ ಹೋಗಣ. ಅವ್ರ ಜೊತೆ ಒಂದ್ಸಲಾನೂ ಹೋಗಿರ್ಲಿಲ್ಲ ನಾನು. ಹೆಂಗಸ್ರು ಅಲ್ಲಿಗ್ಯಾಕೆ ಅಂತಿದ್ರು.”

ನಾನು ಬಾಗಿಲು ಹಾಕಿ, ಸುತ್ತು ಬಂದು ಕೂತು, ಗಾಡಿ ಸ್ಟಾರ್ಟ್ ಮಾಡಿದೆ.